ಹುಲ್ಲು ತಿನ್ನಲೊಲ್ಲದ ದೊರೆ

ಚಿನ್ನಪ್ಪನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ನಗು. ನಾನು ಬಳ್ಳಾರಿ ಕಂಟೋನ್ಮೆಂಟಿನ ಒಂದು ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ತರ. ಜೀವಮಾನದಲ್ಲಿ ಒಂದೇ ಒಂದು ನಾಟಕ ಬರೆದೆ, ನಾಲ್ಕು ಅಂಕದ್ದು. ಅದರ ಕೊನೆಯ ಅಂಕವನ್ನು ಈ ಮನುಷ್ಯ ಎಂಟು ವರ್ಷ ಆಡಲು ಬಿಡಲಿಲ್ಲ. ಯುದ್ಧ ಮುಗಿಯಿತು, ಬಿಳಿ ದೊರೆಗಳು ಗಂಟುಮೂಟೆ ಕಟ್ಟಿಕೊಂಡು ಹೋದರು, ಸ್ವರಾಜ್ಯ ಬಂತು. ನನ್ನ ನಾಲ್ಕನೆಯ ಅಂಕ ಮಾತ್ರ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಬಿದ್ದಿತ್ತು.

ಚಿನ್ನಪ್ಪನ ಕೆಲಸ ಬೀದಿ ನಳಗಳಿಗೆ ನೀರು ಬಿಡುವುದು. ಮೊಳಕೈಯುದ್ದದ ಕಬ್ಬಿಣದ ಚಾವಿಯೊಂದು ಅವನ ಹೆಗಲ ಮೇಲಿರುತ್ತಿತ್ತು. ಬೆಳಿಗ್ಗೆ ಅವನು ನೆಲದಲ್ಲಿನ ಗುಂಡಿಯ ಮುಚ್ಚಳ ತೆಗೆದು ಆ ಚಾವಿ ತಿರುಗಿಸಿದರೆ ಒಂದು ಓಣಿಗೆ ನೀರು, ಇಲ್ಲವಾದರೆ ಇಲ್ಲ. ಐದು ಓಣಿ, ಐದು ಸರದಿ. ಬಳ್ಳಾರಿಯ ಬಿಸಿಲು ಕಂಡವರಿಗೆ ಇದು ಎಂಥ ಅಧಿಕಾರ ಎಂದು ಬಿಡಿಸಿ ಹೇಳಬೇಕಿಲ್ಲ. ಕಲೆಕ್ಟರ ಸಾಹೇಬರಿಗೆ ಜನ ನಮಸ್ಕಾರ ಮಾಡುವುದು ಮರೆತರೂ ಮರೆತಾರು, ಚಿನ್ನಪ್ಪನಿಗೆ ಮರೆಯುತ್ತಿರಲಿಲ್ಲ.

ಮರೆತವನು ಒಬ್ಬನೇ, ಸುಂಕಪ್ಪ. ಹಳೆಯ ಕುದುರೆ ಲಾಯದ ಓಣಿಯಲ್ಲಿ ಜೀನು ಹೊಲಿಯುತ್ತಿದ್ದ. ನಮ್ಮ ಕ್ರೈಸ್ತ ಸಭೆಯವನೇ. ೧೯೪೪ರ ಒಂದು ಬೆಳಿಗ್ಗೆ ಚಿನ್ನಪ್ಪ ಎದುರಿಗೆ ಬಂದಾಗ ಅವನ ಬಾಯಲ್ಲಿ ದಾರವಿತ್ತು, ಕೈಯಲ್ಲಿ ದಬ್ಬಳವಿತ್ತು, ಸುಂಕಪ್ಪ ಎದ್ದು ನಮಸ್ಕಾರ ಮಾಡಲಿಲ್ಲ. ಮರುದಿನದಿಂದ ಎರಡನೆಯ ಸರದಿಯಲ್ಲಿದ್ದ ಲಾಯದ ಓಣಿ ಐದನೆಯದಕ್ಕೆ ಇಳಿಯಿತು. ಐದನೆಯ ಸರದಿಯ ಹೊತ್ತಿಗೆ ನಳದಿಂದ ಬರುತ್ತಿದ್ದುದು ನೀರಿಗಿಂತ ಹೆಚ್ಚಾಗಿ ಗಾಳಿಯ ಸದ್ದು. ಇಡೀ ಓಣಿ ಒಬ್ಬನ ದಬ್ಬಳದ ದೆಸೆಯಿಂದ ಏಳು ವರ್ಷ ಬಾಯಾರಿತು.

ಇನ್ನು ನಾಟಕ. ಬೈಬಲ್ ಶಾಸ್ತ್ರದಲ್ಲಿ ಬರುವ ಬಾಬಿಲೋನಿನ ಅರಸನ ಕಥೆ ಅದು. ಅರಸ ಅರಮನೆಯ ಮಾಳಿಗೆ ಹತ್ತಿ, ಈ ಪಟ್ಟಣವನ್ನೆಲ್ಲ ಕಟ್ಟಿದವನು ನಾನೇ ಎಂದು ಕೊಚ್ಚಿಕೊಳ್ಳುತ್ತಾನೆ. ಆಗ ಆಕಾಶದಿಂದ ತೀರ್ಪು ಬರುತ್ತದೆ: ನಿನ್ನ ರಾಜ್ಯ ಹೋಯಿತು, ಏಳು ವರ್ಷ ದನಗಳ ಜೊತೆ ಹುಲ್ಲು ತಿನ್ನು. ಅರಸ ಹುಲ್ಲು ತಿಂದು, ಬುದ್ಧಿ ಬಂದು, ಮೇಲೆ ನೋಡಿ ದೇವರೊಬ್ಬನೇ ದೊಡ್ಡವನು ಎನ್ನುತ್ತಾನೆ. ಆ ಕೊನೆಯ ಮಾತಿಗೆ ನಾನು ಇಪ್ಪತ್ತೆರಡು ಸಾಲು ಬರೆದಿದ್ದೆ. ಪ್ರಾಸ ಒಂದೂ ತಪ್ಪಿರಲಿಲ್ಲ.

ನಮ್ಮ ಅಜ್ಜಂದಿರು ಬಯಲಾಟದವರು. ಕ್ರೈಸ್ತರಾದಾಗ ಎಷ್ಟೋ ಬಿಟ್ಟರು, ಆಟದ ಮರ್ಯಾದೆ ಬಿಡಲಿಲ್ಲ. ನಮ್ಮ ಮೇಳದಲ್ಲಿ ಕಿರೀಟ ತಲೆಯ ಮೇಲಿರುವ ತನಕ ವೇಷಧಾರಿಯನ್ನು ಹೆಸರು ಹಿಡಿದು ಕರೆಯಬಾರದು, ದೊರೆ ಎನ್ನಬೇಕು. ಅವನೆದುರು ಯಾರೂ ಕೂಡಬಾರದು. ಬಿದಿರುಕಡ್ಡಿ, ಬೆಂಡು, ಬಣ್ಣದ ಕಾಗದದ ಕಿರೀಟ ಅದು. ಅಂಟಿಗೆ ಗಂಜಿ ಮತ್ತು ಬೆಲ್ಲದ ನೀರು. ವರ್ಷಕ್ಕೊಂದು ಪದರ ಕಾಗದ, ವರ್ಷಕ್ಕೊಂದು ಪದರ ಬೆಲ್ಲ.

ಮೊದಲ ಪ್ರದರ್ಶನ ಸಿರುಗುಪ್ಪದಲ್ಲಿ, ೧೯೪೩ರ ಕ್ರಿಸ್ಮಸ್ ಮರುದಿನ. ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ಆಟ ಹಗಲಿಗೇ ನಡೆಯಿತು. ಎತ್ತಿನ ಗಾಡಿಯೇ ಮಾಳಿಗೆ, ಅದರ ಮೇಲೆ ಅರಸನ ವೇಷದಲ್ಲಿ ಚಿನ್ನಪ್ಪ. ಬೇವಿನ ಮರದಲ್ಲಿ ಎಲೆಗಳ ಮರೆಗೆ ಸುಂಕಪ್ಪ, ಅವನ ಬಾಯಿಗೆ ತಗಡಿನ ಕೊಳವೆ. ಸಭೆಯಲ್ಲಿ ಅವನಷ್ಟು ದೊಡ್ಡ ಗಂಟಲು ಯಾರಿಗೂ ಇರಲಿಲ್ಲ, ಹಾಗಾಗಿ ಆಕಾಶವಾಣಿ ಅವನದು. ತೀರ್ಪು ಗುಡುಗಿತು. ಸಿರುಗುಪ್ಪದ ಗದ್ದೆಯ ಬದುವಿನಿಂದ ಕೊಯ್ದು ತಂದ ಎಳೆ ಹುಲ್ಲು ಕಾಲ ಬಳಿ ಸಿದ್ಧವಾಗಿತ್ತು. ಚಿನ್ನಪ್ಪ ಹುಲ್ಲು ನೋಡಿದ, ಮರ ನೋಡಿದ.

"ವಿಚಾರ ಮಾಡ್ತೀವಿ" ಎಂದು ಹೇಳಿ ಪರದೆಯ ಒಳಗೆ ಹೋದ.

ಜನ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ತೆಗೆದರೆ ಹೆಸರು ಹಿಡಿದು ಕರೆದಾರೆಂದು ಕಿರೀಟ ತೆಗೆಯದೆಯೇ ಬಳ್ಳಾರಿಯ ಬಸ್ಸು ಹತ್ತಿದ. ಕಿರೀಟ ಚಾವಣಿಗೆ ತಾಗುತ್ತಿದ್ದುದರಿಂದ ದಾರಿಯುದ್ದಕ್ಕೂ ಕತ್ತು ಬಗ್ಗಿಸಿಕೊಂಡೇ ಕೂತ. ದೊರೆಯ ಎದುರು ಕೂಡಬಾರದೆಂದು ಮೇಳದ ನಾವೆಲ್ಲ ಮೂವತ್ತು ಮೈಲಿ ನಿಂತು ಬಂದೆವು. ಟಿಕೆಟ್ ಕೇಳಲು ಬಂದ ಕಂಡಕ್ಟರನಿಗೆ "ಮಂತ್ರಿನ ಕೇಳು" ಎಂದು ನನ್ನ ಕಡೆ ಕೈ ತೋರಿಸಿದ.

ಹೀಗೇ ನಡೆಯಿತು. ಒಂದು ವರ್ಷ ಆಕಾಶವಾಣಿಗೆ "ಅರ್ಜಿ ಬರದು ಕೊಡು" ಎಂದ. ನಲವತ್ತೇಳರ ಡಿಸೆಂಬರಿನಲ್ಲಿ ಕುರುಗೋಡಿನಲ್ಲಿ ಎದೆ ಸೆಟೆಸಿ, "ಈಗ ಸ್ವರಾಜ್ಯ ಬಂದೈತಿ, ಮ್ಯಾಲಿನವರ ಮಾತು ನಡಿಯಂಗಿಲ್ಲ" ಎಂದುಬಿಟ್ಟ. ಸಂತೆಗೆ ಬಂದಿದ್ದ ರೈತರು ಶಿಳ್ಳೆ ಹಾಕಿದರು. ದೇವರ ಮಾತು ಕೇಳದೆ ಒಳಗೆ ಹೋಗುವ ದೊರೆಯನ್ನು ನೋಡಲೆಂದೇ ಜನ ಬರತೊಡಗಿದರು. ಪಾದ್ರಿಗಳು ತಲೆ ಚಚ್ಚಿಕೊಂಡು, ಈ ನಾಟಕದಿಂದ ನಮ್ಮ ಸಭೆಯ ಧರ್ಮಕ್ಕೇ ಸಂಚಕಾರ ಬಂತಲ್ಲ ಮಾಸ್ತರೇ ಎನ್ನುತ್ತಿದ್ದರು. ಬೇರೆ ದೊರೆಯನ್ನು ಹುಡುಕೋಣವೆಂದರೆ ಯಾರೂ ಮುಂದೆ ಬರಲಿಲ್ಲ. ಚಿನ್ನಪ್ಪನ ಕಿರೀಟ ಕಿತ್ತುಕೊಂಡವನ ಮನೆಗೆ ನೀರು ಬಂದೀತೇ?

೧೯೫೧ರಲ್ಲಿ ಚಿನ್ನಪ್ಪನ ಒಬ್ಬಳೇ ಮಗಳು ರೂತಮ್ಮನಿಗೆ ಕುರುಗೋಡಿನ ಸಂಬಂಧ ಕೂಡಿತು. ಹುಡುಗ ಕಂಪೌಂಡರು, ಹುಡುಗಿ ಒಪ್ಪಿದ್ದಳು. ತಾಯಿಯಿಲ್ಲದ ಮಗಳು, ಚಿನ್ನಪ್ಪನ ಜೀವವೆಲ್ಲ ಅವಳಲ್ಲೇ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಿ, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಯಾರೂ ಎದ್ದ ದಾಖಲೆಯಿಲ್ಲ. ಕುರುಗೋಡಿನಲ್ಲಿ ಮೊದಲ ಭಾನುವಾರವೇ ಹುಡುಗನ ಅಜ್ಜಿ ಯಂಕಮ್ಮ ಕೋಲೂರಿ ಎದ್ದಳು.

"ನಂದು ಆಕ್ಷೇಪಣಿ ಐತ್ರಿ ಅಯ್ಯನೋರ. ಆಟ ಎಂಟು ಸಲ ನೋಡೀನಿ. ಎಂಟು ಸಲಾನೂ ದೇವರು ತೀರ್ಪು ಹೇಳ್ಯಾನ, ಎಂಟು ಸಲಾನೂ ಇವ ಒಳಗ ಹೋಗ್ಯಾನ. ದೇವರ ತೀರ್ಪಿಗೆ ಬಗ್ಗದಾವ ನನಗ ಬೀಗ ಆಗಂಗಿಲ್ಲ. ಹುಲ್ಲು ತಿನ್ನಲಿ, ಮದುವಿ ಮಾಡೋಣು."

ಪಾದ್ರಿಗಳು ನಿಯಮದ ಪುಸ್ತಕ ಹಿಂದುಮುಂದು ತಿರುವಿದರು. ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಕೊನೆಗೆ ರಿಜಿಸ್ಟರಿನಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ಆಕ್ಷೇಪಣೆ: ಹುಲ್ಲು."

ಸಂಧಾನಕ್ಕೆ ಓಡಾಡಿದವನು ನಾನು. ಹುಲ್ಲಿನ ಬದಲು ಕೊತ್ತಂಬರಿ ಆದೀತೇ ಎಂದು ಚಿನ್ನಪ್ಪ ಕೇಳಿಸಿದ. ಬೆಳ್ಳಿಯ ತಟ್ಟೆಯಲ್ಲಿ ಇಟ್ಟುಕೊಟ್ಟರೆ ಹೇಗೆ ಎಂದ. ವೈದ್ಯರು ಔಷಧಿಗೆಂದು ಹೇಳಿದ್ದಾರೆ ಅಂತ ಮೊದಲೇ ಸಾರಿಬಿಡೋಣ ಎಂದ. ಒಂದೊಂದಕ್ಕೂ ನಾನು ಕುರುಗೋಡಿನ ಬಸ್ಸು ಹತ್ತಬೇಕು, ಆ ಮುದುಕಿ ಎಲೆ ಅಡಿಕೆ ಜಗಿಯುತ್ತಾ ಒಂದೇ ಮಾತು ಹೇಳಬೇಕು:

"ಹುಲ್ಲು."

ರೂತಮ್ಮ ಅಳಲಿಲ್ಲ. ಊಟಕ್ಕೆ ಬಡಿಸುತ್ತಾ ಅಪ್ಪನಿಗೆ ಹೇಳಿದಳು, "ದಿನಾ ಹಸಿ ಮೆಂತ್ಯ ತಿಂತಿಯಲ್ಲಪ್ಪ. ಹುಲ್ಲು ಏನ್ ದೊಡ್ಡದು?"

"ಮೆಂತ್ಯ ತಿನ್ನಾಕ ಸಭಾ ಕೂಡಿರಂಗಿಲ್ಲವ್ವ" ಎಂದ ಚಿನ್ನಪ್ಪ, ಕೈ ತೊಳೆದುಕೊಂಡು ಎದ್ದ.

ಒಂದು ಮಧ್ಯಾಹ್ನ ಅವನ ಮನೆಗೆ ಹೋದಾಗ ಹಿತ್ತಲಲ್ಲಿ ಅವನೊಬ್ಬನೇ ಕೂತಿದ್ದ. ಕೈಯಲ್ಲಿ ನಾಲ್ಕೆಳೆ ಗರಿಕೆ. ಕಣ್ಣು ಮುಚ್ಚಿ ಬಾಯ ತನಕ ತರುತ್ತಾನೆ, ಇಳಿಸುತ್ತಾನೆ. ಮತ್ತೆ ತರುತ್ತಾನೆ. ಮುಖವೆಲ್ಲ ಒದ್ದೆಯಾಗಿತ್ತು. ನನ್ನನ್ನು ಕಂಡು ಮುಚ್ಚಿಡಲಿಲ್ಲ.

"ಮಾಸ್ತರ್ರ, ನಮ್ಮಪ್ಪ ಇದ ಕಂಟೋನ್ಮೆಂಟಿನಾಗ ದಂಡಿನ ಕುದುರಿಗೆ ಹುಲ್ಲು ಕೊಯ್ದು ಹಾಕ್ತಿದ್ದ. ಮೂವತ್ತು ವರ್ಷ. ಅವಗ ಒಬ್ರೂ ಹೆಸರು ಹಿಡದು ಕರೀಲಿಲ್ಲ. ಏ ಹುಲ್ಲು, ಬಾ ಇಲ್ಲಿ. ಏ ಹುಲ್ಲು, ಹೋಗಲ್ಲಿ. ನಮ್ಮವ್ವಗ ಹುಲ್ಲಿನ ಹೆಂಡ್ತಿ, ನನಗ ಹುಲ್ಲಿನ ಮಗ. ಈಗ ಊರ ಮುಂದ ಅದನ್ನ ತಿನ್ನಂತೀರಿ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಎಂಟು ವರ್ಷ ಇವನನ್ನು ಬೈದ ನಾನೇ ಅವನ ಕೈಯಿಂದ ಆ ಗರಿಕೆ ತೆಗೆದು ಕೆಳಗಿಟ್ಟೆ. ಕೊನೆಗೆ, ಎಳೆ ಹುಲ್ಲನ್ನು ಸಿರುಗುಪ್ಪದಿಂದ ನಾನೇ ತರಿಸುತ್ತೇನೆ, ಎರಡು ಎಸಳು ಬಾಯಿಗಿಟ್ಟರೆ ಸಾಕು ಎಂದು ಮಾತು ಕೊಟ್ಟು ಬಂದೆ. ಆಮೇಲೆ ಮರೆತೆ. ಮರೆತೆನೋ, ಎಂಟು ವರ್ಷದ ಸಿಟ್ಟು ಮರೆಸಿತೋ, ಇಂದಿಗೂ ನನಗೆ ಗೊತ್ತಿಲ್ಲ.

೧೯೫೨ರ ಜನವರಿಯ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ, ಕುರುಗೋಡಿನ ಬಯಲಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ದೊರೆ ಹುಲ್ಲು ತಿಂತಾನಂತೆ ಎಂದು ಸುದ್ದಿ ಹಬ್ಬಿತ್ತು. ಚುನಾವಣೆಯ ಭಾಷಣಕ್ಕೆ ಬಂದಿದ್ದ ಒಬ್ಬ ಅಭ್ಯರ್ಥಿ, ಕೇಳುವವರೇ ಇಲ್ಲದೆ, ತಾನೂ ಬಂದು ನಿಂತ. ದನದ ಪಾತ್ರಕ್ಕೆ ಮರಿಬಸಪ್ಪ ಎಂಬ ರೈತ ತನ್ನ ಎತ್ತು ಕೊಟ್ಟಿದ್ದ, ಜೊತೆಗೆ ಒಂದು ಸಿವುಡು ಜೋಳದ ಸೊಪ್ಪೆಯನ್ನೂ, ಅಂದರೆ ಒಂದು ಕಟ್ಟು ಒಣದಂಟನ್ನೂ. ವೇದಿಕೆಯ ಮೇಲಿದ್ದ ಮೇವು ಅದೊಂದೇ. ಸಿರುಗುಪ್ಪದ ಎಳೆ ಹುಲ್ಲು ಬೇಡ ಎಂದವನಿಗೆ ಕುರುಗೋಡಿನ ಒಣ ಸೊಪ್ಪೆ ಕಾದಿತ್ತು.

ಮರದಿಂದ ಸುಂಕಪ್ಪನ ದನಿ ಗುಡುಗಿತು. ಚಿನ್ನಪ್ಪ ಮರದ ಕಡೆ ಕತ್ತೆತ್ತಿ ಬಾಯಿ ತೆರೆದ. ಎಲ್ಲಿ "ವಿಚಾರ ಮಾಡ್ತೀವಿ" ಎಂದುಬಿಡುತ್ತಾನೋ ಎಂದು ನಾನು ಪರದೆಯ ಸಂದಿಗೆ ಕಣ್ಣಿಟ್ಟೆ. ಅವನು ಹೆಂಗಸರ ಸಾಲಿನಲ್ಲಿದ್ದ ರೂತಮ್ಮನನ್ನು ನೋಡಿದ. ಬಾಯಿ ಮುಚ್ಚಿದ. ಗಾಡಿಯಿಂದ ಇಳಿದು, ನಿಲುವಂಗಿ ಬಿಚ್ಚಿಟ್ಟು, ಎತ್ತಿನ ಪಕ್ಕದಲ್ಲಿ ಮೊಣಕಾಲೂರಿ, ಕೈಯೂರಿ, ಸೊಪ್ಪೆಗೆ ಬಾಯಿ ಹಾಕಿದ.

ಇಡೀ ಬಯಲಲ್ಲಿ ಕರಕರ ಸದ್ದೊಂದೇ. ಎತ್ತು ತನ್ನ ಸೊಪ್ಪೆ ಬಿಟ್ಟು ಇವನ ಕಡೆ ತಿರುಗಿತು, ಕಿರೀಟ ಮೂಸಿತು. ಒಂಬತ್ತು ವರ್ಷದ ಬೆಲ್ಲ! ನಾಲಿಗೆಯಲ್ಲಿ ಒಂದು ಸಲ ನೆಕ್ಕಿ ನೋಡಿ ಮೇಲಿನ ಕಳಸದಿಂದ ಶುರು ಮಾಡಿತು. ಚಿನ್ನಪ್ಪನಿಗೆ ಬಾಯಿತುಂಬ ಸೊಪ್ಪೆ, ಕೂಗುವಂತಿಲ್ಲ. ತಲೆ ಎಳೆದುಕೊಂಡರೆ ಕೊಂಬು ಕಣ್ಣಿಗೆ. ಇವನು ಸೊಪ್ಪೆ ತಿನ್ನುತ್ತಿದ್ದ, ಅದು ಕಿರೀಟ ತಿನ್ನುತ್ತಿತ್ತು. ಇದೂ ನಾನೇ ಬರೆದದ್ದೆಂದು ಜನ ಭಲೇ ಭಲೇ ಎಂದರು. ನಾನೂ ತಲೆಯಾಡಿಸಿದೆ, ಸುಳ್ಳೇಕೆ ಹೇಳಲಿ.

ಕಿರೀಟದಲ್ಲಿ ಹಣೆಪಟ್ಟಿಯ ಬಿದಿರು ಮಾತ್ರ ಉಳಿದಾಗ ಚಿನ್ನಪ್ಪನ ಗಂಟಲಿಗೆ ಸೊಪ್ಪೆ ಸಿಕ್ಕಿಕೊಂಡಿತು. ಕೆಮ್ಮಿದ, ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಅಷ್ಟರಲ್ಲಿ ಹೇಗೋ ಒಂದು ಮಾತು ಹೊರಗೆ ಬಂತು.

"ನೀರು."

ಕುರುಗೋಡಿನವರು ಆಟವೆಂದುಕೊಂಡು ನೋಡುತ್ತಾ ನಿಂತರು. ಕಂಟೋನ್ಮೆಂಟಿನಿಂದ ಬಂದ ನಮಗೆ ಆಟವಲ್ಲವೆಂದು ಗೊತ್ತಾಯಿತು. ಆದರೂ, ಗುಂಪು ಸೀಳಿ ಬರಲು ಹೆಣಗುತ್ತಿದ್ದ ರೂತಮ್ಮನ ಹೊರತು, ನಮ್ಮಲ್ಲಿ ಒಬ್ಬರೂ ಅಲುಗಲಿಲ್ಲ. ಲಾಯದ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ಮರದ ಕಡೆ ನೋಡಿದರು. ಇದ್ದ ಒಂದೇ ಚೊಂಬು ನೀರು, ಗಂಟಲು ಒಣಗದಿರಲೆಂದು, ಮರದ ಮೇಲೆ ಆಕಾಶವಾಣಿಯ ಕೈಯಲ್ಲಿತ್ತು. ಕಾಯಲಿ, ಕಾಯುವುದು ಹೇಗಿರುತ್ತದೆಂದು ಇವನಿಗೂ ತಿಳಿಯಲಿ ಎಂದು ನನಗೂ ಅನ್ನಿಸಿತು. ದೇವರು ಕ್ಷಮಿಸಬೇಕು.

ಕೊಳವೆ ದೊಪ್ಪನೆ ಕೆಳಗೆ ಬಿತ್ತು. ಎಲೆಗಳನ್ನು ಸರಿಸಿಕೊಂಡು, ಒಂದು ಕೈಯಲ್ಲಿ ಚೊಂಬು ಹಿಡಿದು, ಮೊಣಕಾಲು ತರಚಿಕೊಳ್ಳುತ್ತಾ ಸುಂಕಪ್ಪ ಮರ ಇಳಿದ. ಚಿನ್ನಪ್ಪನ ಬೆನ್ನಿಗೆ ಎರಡು ಗುದ್ದಿದ. ಹಣೆಯ ಮೇಲಿನ ಬಿದಿರುಪಟ್ಟಿ ಕಿತ್ತು ಎಸೆದು, ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡ.

"ಬಾಯಿ ತೆರಿ ಚಿನ್ನಪ್ಪ. ಕುಡಿ. ಇಲ್ಲಿ ಸರದಿ ಇಲ್ಲ."

ಚಿನ್ನಪ್ಪ ಕುಡಿದ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಾ, ಕೆನ್ನೆಗೆ ಸೊಪ್ಪೆಯ ಚೂರು ಅಂಟಿಕೊಂಡು, ಸುಂಕಪ್ಪನನ್ನೇ ನೋಡಿದ. ಈಗ ಅರಸ ಮೇಲೆ ನೋಡಿ ನನ್ನ ಇಪ್ಪತ್ತೆರಡು ಸಾಲು ಹೇಳಬೇಕು. ನಾನು ಪರದೆಯ ಸಂದಿಯಿಂದ ಮೊದಲ ಪದವನ್ನು ಮೂರು ಸಲ ಎತ್ತಿಕೊಟ್ಟೆ.

"ತಪ್ಪಾತು ಸುಂಕಣ್ಣ" ಎಂದ ಚಿನ್ನಪ್ಪ. ಅಷ್ಟೇ. ನನ್ನ ಇಪ್ಪತ್ತೆರಡು ಸಾಲೂ ಗಾಳಿಗೆ ಹೋಯಿತು.

ಹೆಂಗಸರ ಸಾಲಿನಿಂದ ಕೋಲು ಮೇಲೆದ್ದಿತು. "ನಂದೇನೂ ಆಕ್ಷೇಪಣಿ ಇಲ್ರೀ ಅಯ್ಯನೋರ!"

ಇಷ್ಟಾದ ಮೇಲೆ ಚಿನ್ನಪ್ಪನ ಜಂಬ ಇಳಿಯಿತೆಂದು ನೀವು ತಿಳಿದರೆ ನಿಮಗೆ ಆ ಮನುಷ್ಯ ಗೊತ್ತಿಲ್ಲ. ಬಳ್ಳಾರಿಗೆ ಬರುವ ಬಸ್ಸಿನಲ್ಲೇ ಶುರು ಮಾಡಿದ. "ಈ ಜಿಲ್ಲಾದಾಗ ನನ್ನಂಗ ಸೊಪ್ಪಿ ತಿಂದಾವ ಯಾವನರ ಅದಾನೇನ್ರಿ?" ಮಗಳ ಮದುವೆಯ ಊಟದ ಪಂಕ್ತಿಯಲ್ಲೂ ಅದನ್ನೇ ಹೇಳಿದ, ಸಾಯುವ ತನಕವೂ ಹೇಳಿದ. ಆದರೆ ಆ ಬಸ್ಸಿನಲ್ಲಿ ಅವನು ನಿಂತುಕೊಂಡು ಬಂದ. ಅವನ ಸೀಟಿನಲ್ಲಿ ಸುಂಕಪ್ಪ ಕೂತು ತರಚಿದ ಮೊಣಕಾಲಿಗೆ ಉಫ್ ಎಂದು ಗಾಳಿ ಊದಿಕೊಳ್ಳುತ್ತಿದ್ದ.

ಮರುದಿನ ಸೋಮವಾರ. ಬೆಳಕು ಹರಿಯುತ್ತಿದ್ದಂತೆ ಚಿನ್ನಪ್ಪ ಚಾವಿ ಹೆಗಲಿಗೇರಿಸಿ ನೇರ ಲಾಯದ ಓಣಿಗೆ ಹೋಗಿ ಮೊದಲ ಸರದಿಯ ನೀರು ತಿರುಗಿಸಿದ. ನಳ ಭರ್ರೆಂದು ಸುರಿಯಿತು. ಕೆಳಗೆ ಒಂದೇ ಒಂದು ಕೊಡ ಇರಲಿಲ್ಲ. ಏಳು ವರ್ಷ ಕೊನೆಯ ಸರದಿಯಲ್ಲೇ ನೀರು ಪಡೆದ ಓಣಿ ಇನ್ನೂ ಬಾಗಿಲು ಹಾಕಿಕೊಂಡು ಮಲಗಿತ್ತು. ನೀರು ಕಲ್ಲಿನ ಮೇಲೆ ಬಿದ್ದು, ಚರಂಡಿ ತುಂಬಿ, ರಸ್ತೆಗೆ ಹರಿಯತೊಡಗಿತು. ಚಿನ್ನಪ್ಪ ಚಾವಿ ಅಲ್ಲೇ ಬಿಟ್ಟು, ಪಂಚೆ ಮೇಲೆತ್ತಿ ಕಟ್ಟಿ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಓಡುತ್ತಾ ಎರಡೂ ಕೈಯಿಂದ ಬಡಿಯುತ್ತಿದ್ದ.

"ಏಳ್ರೆವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೊಡ ತರ್ರಿ, ನೀರು ಬಂದೈತಿ!"