ನಾರಾಯಣಮ್ಮ ಮೇಜಿಗೆ ಸುಣ್ಣ ಹೊಡೆದದ್ದು

ನಾರಾಯಣಮ್ಮನ ಕೊಟ್ಟಿಗೆಯ ದನಗಳಿಗೆಲ್ಲ ಗಂಡನ ಕಡೆಯ ನೆಂಟರ ಹೆಸರು. ಒದೆಯುವ ಹಸು ದೊಡ್ಡ ನಾದಿನಿ ವೆಂಕಟಮ್ಮ. ಎಷ್ಟು ಹಿಂಡಿ ತಿಂದರೂ ಹಾಲಿಳಿಸದ ಹಸು ಚಿಕ್ಕ ನಾದಿನಿ ಯಲ್ಲಮ್ಮ. ದಿನವಿಡೀ ಮೆಲುಕು ಹಾಕುತ್ತ ಬಿದ್ದಿರುತ್ತಿದ್ದ ಮುದಿ ಎತ್ತಿಗೆ ಕಾಮಸಮುದ್ರದ ದೊಡ್ಡಮಾವನ ಹೆಸರು. ಬೆಳಗಿನ ಜಾವ ಹಾಲು ಕರೆಯುತ್ತ ಇವರೆಲ್ಲರನ್ನೂ ಹೆಸರು ಹಿಡಿದು ಬಾಯಿತುಂಬ ಬೈಯುತ್ತಿದ್ದರು. ಅವರ ಮನೆಯ ಮುಂಭಾಗಕ್ಕೆ ಬಾಡಿಗೆಗೆ ಬಂದ ಮೊದಲ ವಾರ ನನಗೆ, ಇದೇನು ಇಷ್ಟು ಹೊತ್ತಿಗೇ ಮನೆತುಂಬ ನೆಂಟರು, ಮೇಲೆ ಜಗಳ ಬೇರೆ ಅನ್ನಿಸಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಎದುರ್ಗೆ ಬೈಯಾಕಾಯ್ತದಾ ಟೀಚರಮ್ಮ? ಸೊಸೆಯಲ್ವಾ ನಾನು? ಅಸುಗಾದ್ರೆ ಬೈದು, ಆಮ್ಯಾಕೆ ಮೈ ತಿಕ್ಬೋದು" ಎಂದರು.

ಎಂಬತ್ತರ ದಶಕದ ಶುರುವಿನ ಮಾತು. ನಾನು ಬಂಗಾರಪೇಟೆಯ ಶಾಲೆಯೊಂದಕ್ಕೆ ಹೊಸದಾಗಿ ಬಂದಿದ್ದೆ. ಮನೆಯ ಹಿಂಭಾಗದಲ್ಲಿ ನಾರಾಯಣಮ್ಮ, ಗಂಡ ಮುನಿಶಾಮಪ್ಪ, ಅತ್ತೆ ಪಾಪಮ್ಮ, ಇಬ್ಬರು ಗಂಡುಮಕ್ಕಳು ಇದ್ದರು. ಮುನಿಶಾಮಪ್ಪ ಬೆಳಗಿನ ರೈಲಿಗೆ ಹಾಲಿನ ಕ್ಯಾನು ಹೊತ್ತು ಕೆ.ಜಿ.ಎಫ್.ಗೆ ಹೋಗಿ ಚಾಂಪಿಯನ್ ರೀಫ್ಸಿನ ಬಂಗಲೆಗಳಿಗೆ ಹಾಕಿ ಬರುತ್ತಿದ್ದರು. ಮಾತಾಡುವ ಕೆಲಸವನ್ನು ಮದುವೆಯ ದಿನವೇ ಹೆಂಡತಿಗೆ ವಹಿಸಿಕೊಟ್ಟವರಂತಿದ್ದರು. ನಾರಾಯಣಮ್ಮನಾದರೋ ಎತ್ತರದ ಆಳು, ಅಗಲ ಮೂಗುಬೊಟ್ಟು, ಬೀದಿಯ ಕೊನೆಗೆ ಕೇಳುವ ಗಂಟಲು. ದೇವರನ್ನೂ ಬಿಡುತ್ತಿರಲಿಲ್ಲ. ಕರು ಸತ್ತ ವಾರ ದೀಪ ಹಚ್ಚದೆ, "ಬುದ್ಧಿ ಬರ್ಲಿ ಅವ್ನಿಗೂ, ಕತ್ಲಾಗೆ ಕೂತ್ಕಳ್ಳಿ" ಎಂದವರು.

ಇಂಥ ಹೆಂಗಸು ಉಣ್ಣುತ್ತಿದ್ದದ್ದು ಮಾತ್ರ ಎಲ್ಲರಿಗಿಂತ ಕೊನೆಗೆ, ಒಲೆಯ ಪಕ್ಕ, ತಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು, ನಿಂತೇ. ಗಂಡಸರು ನಡುಮನೆಯಲ್ಲಿ ಕೂತು ಉಂಡೇಳಬೇಕು, ಆಮೇಲೆ ಅತ್ತೆ, ಆಮೇಲೆ ಇವರು. ಅಷ್ಟರಲ್ಲಿ ಮುದ್ದೆ ಕಲ್ಲಾಗಿರುತ್ತಿತ್ತು.

"ಇವ್ರನ್ನ ಕಟ್ಕಂಡು ಅದೆಷ್ಟು ವರ್ಸ ಆಯ್ತೋ ಟೀಚರಮ್ಮ, ಉಣ್ಣೋವಾಗ ಎಂಗ್ ಕಾಣ್ತಾರೆ ಅಂತ ಎದುರ್ಗೆ ಕೂತು ನೋಡಿಲ್ಲ. ಬಡಿಸೋವಾಗ ನೆತ್ತಿ ಕಾಣ್ತದೆ, ಅಷ್ಟೇಯ. ನೆತ್ತಿ ಬೋಳಾಗೋದ್ನ ನೋಡಿವ್ನಿ, ಮಕ ನೋಡಿಲ್ಲ" ಎಂದು ಒಮ್ಮೆ ಬಿದ್ದುಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಆಗ ಬಂತು ಆ ಮೇಜು. ಚಾಂಪಿಯನ್ ರೀಫ್ಸಿನ ಬಂಗಲೆಯೊಂದರ ಅಧಿಕಾರಿ ನಿವೃತ್ತರಾಗಿ ಊರಿಗೆ ಹೊರಟಿದ್ದರು. ಅವರಿಗೆ ತುಪ್ಪ ಕೊಟ್ಟು ಬರಲು ಗಂಡನ ಜೊತೆ ಹೋದ ನಾರಾಯಣಮ್ಮ, ಗಂಡಹೆಂಡಿರಿಬ್ಬರೂ ಎದುರುಬದುರು ಕೂತು ತಿಂಡಿ ತಿನ್ನುವುದನ್ನು ಬಾಗಿಲಲ್ಲಿ ನಿಂತು ನೋಡಿದರಂತೆ. "ಮೇಜು ಬಿಟ್ ಓಗ್ತೀರಾ ಅಮ್ಮಾವ್ರೇ?" ಎಂದು ಕೇಳಿದ್ದಕ್ಕೆ ಆ ತಾಯಿ, ಸಾಗಿಸುವ ತಾಪತ್ರಯ ತಪ್ಪಿತೆಂದು ಆರು ಕುರ್ಚಿಗಳನ್ನೂ ಸೇರಿಸಿ ಕೊಟ್ಟರು. ಎತ್ತಿನ ಗಾಡಿಯಲ್ಲಿ ಬಂದ ತೇಗದ ಮೇಜು, ಪಾಲಿಶ್ ಕಪ್ಪಾಗಿ, ಬಿಸಿ ಪಾತ್ರೆ ಇಟ್ಟ ಉಂಗುರದ ಗುರುತುಗಳಿಂದ ತುಂಬಿತ್ತು. ನಡುಮನೆಯಲ್ಲಿ ಇಟ್ಟರೆ ಓಡಾಡಲು ಮೈ ಓರೆ ಮಾಡಬೇಕು.

ಪಾಪಮ್ಮ ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟರು. "ಅಯ್ಯೋ ದೇವುಡಾ! ದೊರೆಗಳ ಕಾಲದ್ದು ಇದು. ಯಾರ್ಯಾರು ಕೂತವ್ರೋ, ಯಾವ ದನ ತಿಂದವ್ರೋ. ಇದ್ರ ಮ್ಯಾಲಿಟ್ಟ ಅನ್ನ ನನ್ ಗಂಟ್ಲಾಗೆ ಇಳಿಯಾಕಿಲ್ಲ."

ಮುನಿಶಾಮಪ್ಪ ತಾಯಿಯ ಮಾತು ಮೀರುವವರಲ್ಲ. ಮೇಜಿನ ಮೇಲೆ ಹಿಂಡಿಯ ಮೂಟೆ ಏರಿತು. ನಾರಾಯಣಮ್ಮ ಕೆಲವು ದಿನ ಹಾಲು ಕರೆಯುವಾಗ ಯಾರನ್ನೂ ಬೈಯಲಿಲ್ಲ. ಹಸುಗಳೇ ಗಾಬರಿಯಾಗಿರಬೇಕು. ಆಮೇಲೊಂದು ಬೆಳಿಗ್ಗೆ ಅವರ ಗಂಟಲು ಮತ್ತೆ ಕೇಳಿಸಿತು.

"ದನ ತಿಂದ ಮೈಲಿಗೆ ತಾನೆ ಅತ್ತೆ? ದನದ ಆಲ್ನಾಗೇ ಬಣ್ಣ ಒಡೀತೀನಿ. ಆಲಿಗೂ ಮೈಲಿಗೆ ಅಂದ್ಯೋ, ನಾಳೆಯಿಂದ ನಿಂಗೆ ಕಾಪಿ ಇಲ್ಲ."

ಅವರ ತವರು ಬೇತಮಂಗಲದ ಕಡೆ. ಅಲ್ಲಿ ಗೋಡೆಯ ಸುಣ್ಣ ಕೈಗೆ ಅಂಟದಿರಲೆಂದು ಅದಕ್ಕೆ ಮಜ್ಜಿಗೆ ಬೆರೆಸುತ್ತಿದ್ದರಂತೆ. ಗೋಡೆಗೆ ಕೂರುವುದು ಮರಕ್ಕೆ ಯಾಕೆ ಕೂರಬಾರದು ಎಂಬುದು ಇವರ ವಾದ. ಹಾಲು ಒಡೆಸಿ, ನೀರು ಸೋಸಿ, ಆ ಗಟ್ಟಿಗೆ ತಿಳಿಸುಣ್ಣ ಸೇರಿಸಿದರು. ಸಾಲದ್ದಕ್ಕೆ ನನ್ನ ಬಳಿ ಬಂದು, ಶಾಲೆಯಲ್ಲಿ ಗುಡಿಸಿ ಎಸೆಯುವ ಸೀಮೆಸುಣ್ಣದ ಚೂರುಗಳನ್ನು ತಂದುಕೊಡು ಎಂದರು. "ನೀನ್ ಬರೆದಿದ್ದು ಸಂಜೆಗೆ ಅಳಿಸೋಗ್ತದೆ. ನನ್ ಮೇಜಿಗಾದ್ರೆ ನಾಕು ಕಾಲ ಇರ್ತದೆ." ಬಣ್ಣದ ಚೂರುಗಳನ್ನೂ ಬಿಡದೆ ಒರಳಲ್ಲಿ ಅರೆದು, ಬಟ್ಟೆಗೆ ಹಾಕುವ ನೀಲಿ ಬೆರೆಸಿ, ಗೋಡೆಗೆ ಸುಣ್ಣ ಹೊಡೆಯುವ ಬ್ರಷ್ಷಿನಿಂದಲೇ ಬಳಿದರು.

ಒಣಗಿದ ಮೇಲೆ ಅದು ಹಪ್ಪಳದಂತೆ ಎದ್ದು ಬಂತು. ಹಳೇ ಪಾಲಿಶ್ ಕೆರೆಯದೆ ಹಾಗೇ ಬಳಿದಿದ್ದರಲ್ಲ, ಹಿಡಿಯುವುದೆಲ್ಲಿಂದ? ಸಾಲದ್ದಕ್ಕೆ ಮನೆಯೆಲ್ಲ ಹುಳಿ ನಾತ. ರಾತ್ರಿ ಹಗ್ಗ ಕಿತ್ತುಕೊಂಡ ಕರು ಒಳಗೆ ನುಗ್ಗಿ ಒಂದು ಕಾಲಿನ ಬಣ್ಣವನ್ನು ಪೂರ್ತಿ ನೆಕ್ಕಿಬಿಟ್ಟಿತ್ತು. "ದೇವ್ರೇ ಬಂದು ನೆಕ್ಕಿ ಬೇಡ ಅಂದವ್ನೆ" ಎಂದರು ಪಾಪಮ್ಮ, ಗೆದ್ದ ಖುಷಿಯಲ್ಲಿ. "ದೇವ್ರಲ್ಲ ಅತ್ತೆ, ನಿನ್ ಮೈದ್ನನ ಮೊಮ್ಮಗ" ಎಂದರು ನಾರಾಯಣಮ್ಮ. ಕರುವಿನ ಹೆಸರು ಅದು.

ಆದರೆ ಅವತ್ತು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವರು ಆ ಮೇಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಮೊದಲ ಸಲ ಅವರ ಧ್ವನಿ ಸಣ್ಣದಾಗಿತ್ತು. "ಒಂದ್ ದಿನ ಎಲ್ರ ಜತೇಲಿ ಕೂತು ಉಂಡ್ರೆ ಏನ್ ಮುಳುಗೋಗ್ತದೆ ಟೀಚರಮ್ಮ?" ಸೀರೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತೆ. ಒಡೆದ ಬಾಟಲಿಯ ಗಾಜಿನ ಚೂರು ಹಿಡಿದು ಇಬ್ಬರೂ ಪಾಲಿಶ್ ಹೆರೆಯತೊಡಗಿದೆವು. ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿ ಸವೆಯಿತು. ಈ ಸಲ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು ಬಳಿದೆವು. ಹುಳಿ ನಾತ ಹೋಗಲೆಂದು ಬಿಸಿಲಿಗಿಟ್ಟು, ಕೊನೆಗೆ ಮೇಣದಬತ್ತಿ ಉಜ್ಜಿ ಹಳೇ ಸೀರೆಯಲ್ಲಿ ತಿಕ್ಕಿದೆವು. ನೀಲಿಯೂ ಅಲ್ಲದ, ಬೂದಿಯೂ ಅಲ್ಲದ, ಅಲ್ಲಲ್ಲಿ ಗುಲಾಬಿ ಇಣುಕುವ ಒಂದು ಬಣ್ಣ ಬಂದಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿರಲಿಲ್ಲ. ಆದರೆ ಕೈಗೆ ಅಂಟಲಿಲ್ಲ.

ಯುಗಾದಿಯ ಮರುದಿನ ವರ್ಷತೊಡಕು. ಮಟನ್ ಸಾರಿನ ಘಮ ಬೀದಿಗೆಲ್ಲ ಹರಡಿತ್ತು. ನಾರಾಯಣಮ್ಮ ಎಲ್ಲರನ್ನೂ ಕೂರಿಸಿದರು, ನನ್ನನ್ನೂ. ಮುನಿಶಾಮಪ್ಪ ಕುರ್ಚಿ ಏರಿ ಅದರ ಮೇಲೇ ಚಕ್ಕಳಮಕ್ಕಳ ಹಾಕಿ ಕೂತರು. ಪಾಪಮ್ಮನ ಕೊನೆಯ ಅಸ್ತ್ರ ಒಂದು ಉಳಿದಿತ್ತು.

"ಬಡಿಸೋಳೂ ಕೂತ್ಕಂಡ್ರೆ ಬಡಿಸೋರ್ಯಾರು?"

ನಾರಾಯಣಮ್ಮ ಒಳಗೆ ಹೋಗಿ ಸಾರಿನ ಪಾತ್ರೆ, ಮುದ್ದೆಯ ಪಾತ್ರೆ ಎರಡನ್ನೂ ತಂದು ಮೇಜಿನ ನಡುವೆ ಕುಕ್ಕಿದರು. "ದೇವ್ರು ಎಲ್ರಿಗೂ ಕೈ ಕೊಟ್ಟವ್ನೆ" ಎಂದು ಗಂಡನ ಎದುರಿನ ಕುರ್ಚಿ ಎಳೆದು ಕೂತೇಬಿಟ್ಟರು. ಮುನಿಶಾಮಪ್ಪ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ತಲೆಯೆತ್ತಿದರು. ಇಬ್ಬರೂ ಮುಖ ನೋಡಿಕೊಂಡರು. ನಾರಾಯಣಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಮ್ಮಪ್ಪಾ, ಉಣ್ಣೋವಾಗ ವೆಂಕಟಮ್ಮ ಇದ್ದಂಗೇ ಕಾಣ್ತೀಯ!" ತಂಗಿಯಂತೆ ಎಂದರೋ ಹಸುವಿನಂತೆ ಎಂದರೋ ಯಾರೂ ಕೇಳಲಿಲ್ಲ. ಮುನಿಶಾಮಪ್ಪ ನಾಚಿಕೊಂಡರು. ಅಷ್ಟರಲ್ಲಿ ಪಾಪಮ್ಮ ಮೈಲಿಗೆಯ ಮೇಜಿನ ಮೇಲೇ ನಲ್ಲಿಮೂಳೆಯನ್ನು ಟಣಟಣ ಕುಟ್ಟಿ ಒಳಗಿನದನ್ನು ಹೀರುತ್ತಿದ್ದರು. ಹೊಸ ಬಣ್ಣ ಚಕ್ಕೆಯೆದ್ದಿತು. ಸೊಸೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಉಂಡರು. ಪ್ರತಿ ಯುಗಾದಿಗೂ ಮುಂಚೆ ನಾರಾಯಣಮ್ಮ ಮೇಜಿಗೆ ಸುಣ್ಣ ಹೊಡೆಯುತ್ತಿದ್ದರು, ಪ್ರತಿ ವರ್ಷತೊಡಕಿಗೂ ಪಾಪಮ್ಮ ಚಕ್ಕೆ ಎಬ್ಬಿಸುತ್ತಿದ್ದರು. ಆಮೇಲೆ ನನಗೆ ವರ್ಗವಾಯಿತು. ಹೊರಡುವ ದಿನ ನಾರಾಯಣಮ್ಮ ನನ್ನನ್ನು ಕೂರಿಸಿ ಉಣಿಸಿ, ಹೊಸ ಕಡಸಿಗೆ ನನ್ನ ಹೆಸರಿಟ್ಟಿರುವುದಾಗಿ ಹೇಳಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕೆಲವು ವರ್ಷಗಳ ಮೇಲೆ ಅವರು ತೀರಿಹೋದ ಸುದ್ದಿ ಬಂತು. ಹನ್ನೊಂದನೆಯ ದಿನಕ್ಕೆ ಹೋದೆ. ಕಾಮಸಮುದ್ರದ ನೆಂಟರೆಲ್ಲ ಬಂದಿದ್ದರು. ನಾರಾಯಣಮ್ಮನಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಪಟದ ಮುಂದೆ ನೆಲದ ಮೇಲೆ ಎಡೆ ಇಡಲು ಸಿದ್ಧವಾಗಿದ್ದರು. ಬೆನ್ನು ಬಾಗಿದ ಪಾಪಮ್ಮ ಕೋಲೂರಿಕೊಂಡು ಎದ್ದು ಬಂದರು.

"ಎತ್ರೋ ಅದ್ನ. ಮೇಜಿನ ಮ್ಯಾಲಿಡ್ರಿ, ಅವ್ಳ ಕುರ್ಚಿ ಮುಂದೆ."

ಇಟ್ಟರು. ಮುದುಕಿ ಪಕ್ಕದ ಕುರ್ಚಿಯಲ್ಲಿ ಕೂತು, ತನಗೂ ಒಂದು ಎಲೆ ಹಾಕಿಸಿಕೊಂಡು, ಮುದ್ದೆ ಮುರಿದರು. ಕಾಮಸಮುದ್ರದ ದೊಡ್ಡಮಾವ ಬಾಗಿಲಿನಿಂದಲೇ ಗದರಿದರು. "ಏನಮ್ಮಾ, ಎಡೆ ಇಟ್ಟು ಬಾಗಿಲು ಮುಚ್ಬೇಕು. ಸತ್ತೋರು ಉಂಡಾದ್ ಮ್ಯಾಲೆ ನಾವು. ಮುಂಚೇನೇ ಉಣ್ತಾರಾ?"

"ನಾವ್ ಜತೇಗ್ ಉಣ್ದಿದ್ರೆ ಅವ್ಳು ಮುಟ್ಟಾಕಿಲ್ಲ" ಎಂದರು ಪಾಪಮ್ಮ. "ನಂಗ್ ಗೊತ್ತು ನನ್ ಸೊಸೆ. ಬರ್ರೋ, ಕೂತ್ಕಳ್ರಿ."

ಮುನಿಶಾಮಪ್ಪ ಬಂದು ಆ ಎಲೆಯ ಎದುರು ಕೂತರು. ನಾನೂ ಒಂದು ಕುರ್ಚಿ ಎಳೆದುಕೊಂಡೆ.