ಸಂಪಾಜೆಯಲ್ಲಿ ಬಿಸಿಲು, ಸಮುದ್ರದಲ್ಲಿ ಅಳಿಯ

ಕಳೆದ ವಾರ ನಮ್ಮ ಮನೆಯ ಹುಡುಗಿಯೊಬ್ಬಳು ನಿಶ್ಚಿತಾರ್ಥಕ್ಕೆ ಹೊರಟು ಬಂದ ಗಂಡನ್ನು ಸಮುದ್ರದಲ್ಲೇ ನಿಲ್ಲಿಸಿಬಿಟ್ಟಳು. ಕೋಪಕ್ಕಲ್ಲ. ಡ್ಯೂಟಿ!

ನಿಶ್ಮಿತಾ ನನ್ನ ಭಾವನ ಮಗಳು. ಕರಾವಳಿಯ ಬಂದರೊಂದರ ಕಂಟ್ರೋಲ್ ರೂಮಿನಲ್ಲಿ ಕೆಲಸ. ಸಮುದ್ರದಲ್ಲಿ ತೇಲಿಬಿಟ್ಟ ಉಪಕರಣ ಅಲೆಯ ಎತ್ತರವನ್ನು, ಕಂಬದ ತುದಿಯಲ್ಲಿರುವುದು ಗಾಳಿಯ ವೇಗವನ್ನು ಅವಳ ಸ್ಕ್ರೀನಿಗೆ ಕಳಿಸುತ್ತಿರುತ್ತವೆ. ಅವಳು ಅದನ್ನು ನೋಡಿ ಹೇಳಿದ ಮೇಲೆಯೇ ಹಡಗು ಒಳಗೆ. ಹುಡುಗ ಚೇತನ್ ಹಡಗಿನಲ್ಲಿ ಆಫೀಸರ್. ಶನಿವಾರ ಅವನು ಅದೇ ಬಂದರಿಗೆ ಬಂದಿಳಿಯಬೇಕು, ಇಬ್ಬರೂ ಒಂದೇ ಕಾರಿನಲ್ಲಿ ಸಂಪಾಜೆಯ ಮನೆಗೆ ಬರಬೇಕು, ಭಾನುವಾರ ನಿಶ್ಚಿತಾರ್ಥ. ಎಷ್ಟು ಚಂದದ ಪ್ಲಾನ್!

ಶನಿವಾರ ಮಧ್ಯಾಹ್ನ ಅವಳ ಫೋನ್ ಬಂತು. "ಅಲೆ ಜೋರುಂಟು. ಹಡಗು ಹೊರಗೇ ನಿಲ್ಬೇಕು."

ಭಾವ ಅಂಗಳಕ್ಕೆ ಓಡಿದರು. ಅಲ್ಲಿರುವುದು ಅವರ ಮಳೆಮಾಪಕ. (ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕೆ? "ಕಾಫಿ ಆಯ್ತಾ" ಎನ್ನುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು ಕೇಳುವವರು ನಾವು. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ; ಅಷ್ಟು ಮಳೆಯನ್ನೂ ಬಿಡುವುದಿಲ್ಲ.) ಮಾಪಕ ಖಾಲಿ.

"ಮಗಳೇ, ಇಲ್ಲಿ ಒಂದು ಸೆಂಟ್ ಮಳೆ ಇಲ್ಲೆ. ಬಿಸಿಲು ಬಂದುಟು. ಹಡಗು ಒಳಗೆ ಬುಡು!"

ಅಷ್ಟಕ್ಕೇ ಬಿಟ್ಟರೆ? ಭಾಗಮಂಡಲಕ್ಕೆ ಫೋನ್, ಜಿಲ್ಲೆಯ ಇನ್ನೊಂದು ತುದಿಯ ಬಾಳೆಲೆಗೆ ಫೋನ್. ಅಲ್ಲೂ ಮಳೆಯಿಲ್ಲ. ಪಾಪ, ಬಾಳೆಲೆಯ ಸುದ್ದಿ ಅರಬ್ಬೀ ಸಮುದ್ರಕ್ಕೆ ಮುಟ್ಟಿರಲಿಲ್ಲ.

ಮಗಳು ಜಗ್ಗಲಿಲ್ಲ. (ಅವಳ ಮಾತನ್ನು ನಾನೇ ಕನ್ನಡ ಮಾಡಿದ್ದೇನೆ. ಈ ಮನೆಯವರ ಮಾತು ಅರೆಭಾಷೆ, ನಾನು ಮದುವೆಯಾದ ಮೇಲೆ ಕಲಿತದ್ದು.) "ಅಪ್ಪ, ಪ್ರಶ್ನೆ ಮಳೆಯದ್ದಲ್ಲ. ಹಡಗಿಗೆ ದಾರಿ ತೋರಿಸೋ ನಮ್ಮ ಪೈಲಟ್ ದೋಣಿಯಿಂದ ಹಗ್ಗದ ಏಣಿ ಹಿಡಿದು ಹಡಗು ಹತ್ಬೇಕು, ಆಮೇಲೆ ಒಳಗೆ ತರಬೇಕು. ಗಾಳಿ ಬೀಸುವಾಗ ನೀವು ಕರಿಮೆಣಸು ಕೊಯ್ಯಲಿಕ್ಕೆ ಯಾರನ್ನಾದ್ರೂ ಏಣಿ ಹತ್ತಿಸ್ತೀರಾ?"

ಮರ ಸ್ವಲ್ಪ ತೂಗಿದರೂ ಪಿಕ್ಕಿಂಗ್ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸುವ ಮನುಷ್ಯ ನಮ್ಮ ಭಾವ.

ಆಮೇಲೆ ನಡೆದದ್ದೇ ಮಜಾ. ಭಾವ ಗಳಿಗೆಗೊಮ್ಮೆ ಫೋನ್ ಮಾಡಿ "ಈಗ ಎಷ್ಟು?" ಎಂದು ಕೇಳತೊಡಗಿದರು. ಸೆಂಟ್ ಹೋಗಿ ಮೀಟರ್ ಬಂತು, ಅಷ್ಟೆ. ಅಲೆ ಇಳಿದಾಗಲೆಲ್ಲ ಚಪ್ಪರದಲ್ಲಿ ಘೋಷಣೆ. ಅಡಿಗೆಯವರು ಸೌಟು ಹಿಡಿದೇ ಕಿವಿಗೊಟ್ಟರು. ನೆಂಟರೊಬ್ಬರು "ಯಾರೋ ಒಬ್ಬ ಏಣಿ ಹತ್ತೋದಕ್ಕೆ ಇಷ್ಟು ಹೊತ್ತಾ?" ಎಂದರು. ಭಾವ ಅವರ ಮೇಲೇ ಎಗರಿದರು. "ಏಣಿ ಹತ್ತುವವನಿಗೆ ಮನೆ ಮಕ್ಕಳು ಇಲ್ವಾ?"

ಅಂಕಿ ನಮಗೆ ಬೇಕಾದ್ದನ್ನು ಹೇಳಿದರೆ ಎಲ್ಲರಿಗೂ ಇಷ್ಟ. "ಬೇಡ" ಎಂದಾಗಲೂ ಕೇಳುವವರು ಎಷ್ಟು ಜನ?

ಸಂಜೆ ಗಾಳಿ ತಗ್ಗಿತು, ಅಲೆ ಇಳಿಯಿತು, ಹಡಗು ಒಳಗೆ ಬಂತು. ಚಪ್ಪರವೇ ಹಾರಿಹೋಗುವಂಥ ಚಪ್ಪಾಳೆ! ನನಗಂತೂ ಖುಷಿಗೆ ಕಣ್ಣು ತುಂಬಿತು.

ಮರುದಿನ ಉಂಗುರ ತೊಡಿಸುವಾಗ ಯಾರೋ ಚೇತನ್‌ನನ್ನು ಕಿಚಾಯಿಸಿದರು. "ಮದುವೆಗೆ ಮೊದಲೇ ಹೊರಗೆ ನಿಲ್ಲಿಸಿದಳಲ್ಲ!"

ಅವನು ನಕ್ಕ. "ನಿಂತದ್ದಕ್ಕೆ ಬೇಜಾರೇ ಇಲ್ಲ. ಒಳಗೆ ಯಾರು ನೋಡ್ತಾ ಇದ್ದಾರೆ ಅಂತ ಗೊತ್ತಿತ್ತಲ್ಲ."

ಊಟವಾಯಿತು. ಮದುವೆಯ ದಿನ ಗೊತ್ತು ಮಾಡಲು ಜೋಯಿಸರು ಪಂಚಾಂಗ ತೆರೆದರೆ, ಭಾವ ಕೈ ಅಡ್ಡ ಹಿಡಿದರು:

"ಸ್ವಲ್ಪ ನಿಲ್ಲಿ, ಆ ದಿನ ಅಲೆ ಎಷ್ಟಿರ್ತದೆ ಅಂತ ಮಗಳನ್ನ ಕೇಳ್ತೇನೆ."