ಆನೆ ಇದೆ ಎಂದವಳು ನಾನಲ್ಲ

ಹೆದರಿಕೆ ನನಗೆ ಹೊಸದೇನಲ್ಲ. ಮೂಡಿಗೆರೆ ಆಚೆಯ ತೋಟಗಳ ನಡುವಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಆನೆ ಕಂಡು ಚಪ್ಪಲಿ ಬಿಟ್ಟು ಓಡಿದ್ದೂ ಉಂಟು. ಆದರೆ ನನ್ನದೇ ಮುಖ ನೋಡಿ ಕೈಕಾಲು ತಣ್ಣಗಾಗಿದ್ದು ಹೋದ ವರ್ಷವೇ ಮೊದಲು.

ಶುಗರ್ ಬಂದಿದೆ, ದಿನಾ ನಡೀರಿ ಅಂದರು ಡಾಕ್ಟರು. ಪಕ್ಕದ ಗ್ಯಾರೇಜ್ ಸಾಹೇಬರ ಹೆಂಡತಿಗೂ ಅದೇ ಕಾಯಿಲೆ; ಆಪಾ ಅಂದರೆ ಅಕ್ಕ, ನಾವೆಲ್ಲ ಅವರನ್ನು ಕರೆಯುವುದೇ ಹಾಗೆ. ಇಬ್ಬರೂ ಹೊರಟೆವು, ನಮ್ಮನ್ನು ನೋಡಿ ಇನ್ನೂ ಹತ್ತು ಹನ್ನೆರಡು ಹೆಂಗಸರು ಸೇರಿಕೊಂಡರು. ಯಾರು ಎಷ್ಟು ನಡೆದರು, ಯಾವ ದಾರಿಯಲ್ಲಿ ಹೋದರು ಅಂತ ಮ್ಯಾಪಿನಲ್ಲಿ ಗೆರೆ ಎಳೆದು ಎಲ್ಲರಿಗೂ ತೋರಿಸುವ ಆಪ್ ಒಂದಿದೆಯಲ್ಲ, ಅದನ್ನೂ ಹಾಕಿಕೊಂಡೆವು. ಪೇಟೆಯವರು ಅದನ್ನು ಜಂಬಕ್ಕೆ ಇಟ್ಟುಕೊಳ್ಳುತ್ತಾರೋ ಏನೋ, ನಾವು ಇಟ್ಟುಕೊಂಡಿದ್ದು ಆನೆಗೆ. ಬೆಳಿಗ್ಗೆ ಮೊದಲು ಹೊರಟವಳ ಗೆರೆ ಕಂಡರೆ ಆ ದಾರಿ ಸಲೀಸು ಅಂತ ಲೆಕ್ಕ. ಆನೆ ಇದ್ದರೆ ಅದರ ಕೆಳಗೇ ಬರೆಯುವುದು, ಈ ದಾರಿ ಬೇಡ, ಆ ದಾರೀಲಿ ಬನ್ನಿ ಅಂತ. ಆದ್ದರಿಂದ ಯಾರೂ ಏನನ್ನೂ ಮುಚ್ಚಿಡಬಾರದು, ಎಲ್ಲರ ದಾರಿಯೂ ತೆರೆದಿರಬೇಕು. ಈ ಕಟ್ಟಪ್ಪಣೆ ಹೊರಡಿಸಿದವಳು ನಾನೇ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನನ್ನ ಹಳೇ ಶಿಷ್ಯೆ. ಎಸ್ಟೇಟ್ ಕೂಲಿಯವರ ಲೈನ್‌ಮನೆಯ ಹುಡುಗಿ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿ, ಓಟದ ಪರೀಕ್ಷೆಗೆ ಅಂತ ಬೆಳಿಗ್ಗೆ ಒಬ್ಬಳೇ ಓಡುತ್ತಿದ್ದಳು. "ಒಬ್ಳೇ ಓಡ್ತೀಯಲ್ಲೇ ಮಾರಾಯ್ತಿ, ಆ ಆಪ್ ಹಾಕ್ಕೋ, ನೀನೆಲ್ಲಿದ್ದೀಯ ಅಂತ ನಂಗೆ ಕಾಣ್ತಿರ್ಲಿ," ಅಂದೆ. ನಂಗೆ ಕಂಡಿದ್ದು ಊರಿಗೆಲ್ಲ ಕಾಣುತ್ತದೆ ಅನ್ನುವಷ್ಟು ಬುದ್ಧಿ ಆಗ ಓಡಲಿಲ್ಲ.

ಮೊದಮೊದಲು ಬಂದವು ಸಣ್ಣ ಪೀಡೆಗಳು. ಸೊಂಟ ಕರಗಿಸುವ ಪುಡಿ ಮಾರುವವರು, ಮುಖವೇ ಇಲ್ಲದೆ ಲೈಕ್ ಒತ್ತುವವರು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತು ಹಾಕಿದ ಹಾಗೆ ಒಂದೊಂದನ್ನೇ ರಿಪೋರ್ಟ್ ಮಾಡಿ ಬಿಸಾಕುತ್ತಿದ್ದೆವು. ಅದರಲ್ಲಿ ನಾನು ಬಹಳ ಚುರುಕು ಅಂತ ನನಗೇ ಹೆಮ್ಮೆ.

ಆಮೇಲೆ ಮಂಡಿ ಹಿಡಿದುಕೊಂಡಿತು. ಹದಿನೈದು ದಿನ ಅಂಗಳ ದಾಟಲಿಲ್ಲ. ಒಂದು ಸಂಜೆ ಆಪಾ ನಗುತ್ತಾ ಬಂದರು. "ಎಂತ ಟೀಚರ್, ಮಂಡಿ ನೋವು ಅಂತ ನಮ್ಗೆಲ್ಲ ಹೇಳಿ ನೀವೊಬ್ರೇ ವಾಕಿಂಗ್ ಹೋಗ್ತಿದ್ದೀರಲ್ಲ?" ಫೋನು ತೋರಿಸಿದರು. ನನ್ನ ಹೆಸರು. ಶಾಲೆಯ ವಾರ್ಷಿಕೋತ್ಸವದಲ್ಲಿ ತೆಗೆದ ನನ್ನ ಫೋಟೋ. ದಿನಾ ಬೆಳಿಗ್ಗೆ ನಮ್ಮ ದಾರಿಯಲ್ಲೇ ನಡೆದ ಗೆರೆಗಳು. ಆ ಹೆಸರಿನವಳು ಎಲ್ಲರಿಗೂ ಲೈಕ್ ಒತ್ತಿದ್ದಾಳೆ, ಹುಡುಗಿಗೆ ಎರಡೆರಡು ಸಲ ಶಭಾಷ್ ಅಂದಿದ್ದಾಳೆ. ಆ ದಾರಿಯಲ್ಲಿ ಯಾರೋ ನಿಜವಾಗಿಯೂ ನಡೆಯುತ್ತಿದ್ದಾರೆ ಅಂತಲ್ಲವೇ ಇದರ ಅರ್ಥ?

ತಕ್ಷಣ ವಾಟ್ಸಾಪ್ ಗುಂಪಿಗೆ ಬರೆದೆ: ನನ್ನ ಹೆಸರಲ್ಲಿ ನಕಲಿ ಖಾತೆ ಇದೆ, ಎಲ್ಲರೂ ಈಗಲೇ ರಿಪೋರ್ಟ್ ಮಾಡಿ. ಮಾಡಿದರು, ಪಾಪ, ಒಬ್ಬರೂ ಬಿಡದೆ. ರಾತ್ರಿ ಊಟದ ಹೊತ್ತಿಗೆ ನನ್ನ ಫೋನು ನನ್ನನ್ನೇ ಆಪಿನಿಂದ ಹೊರಗೆ ಹಾಕಿತು. ಖಾತೆ ಮುಚ್ಚಲಾಗಿದೆ ಅಂತ ಒಂದು ಸಾಲು. ಎರಡನ್ನೂ ಮುಚ್ಚಿರಬೇಕು, ನನ್ನದು ಆಮೇಲೆ ಬಿಡಿಸಿಕೊಂಡರಾಯಿತು ಅಂದುಕೊಂಡೆ. ಅಷ್ಟರಲ್ಲಿ ಗುಂಪಿನಲ್ಲಿ, "ನಕಲಿ ಹೋಯ್ತು ಟೀಚರ್" ಅಂತ ಒಬ್ಬರಾದ ಮೇಲೆ ಒಬ್ಬರು ಬರೆದರು. ನಾನೂ ಥ್ಯಾಂಕ್ಸ್ ಹೇಳಿದೆ. ಅಯ್ಯೋ, ನನ್ನ ಬಾಯಿಂದಲೇ ಹೇಳಿದೆ.

ಹೋಗಿದ್ದು ಒಂದೇ. ಯಾವುದು ನಕಲಿ ಅಂತ ನಾನು ಬರೆದಿರಲಿಲ್ಲ, ಎರಡು ಖಾತೆ ಪಕ್ಕಪಕ್ಕ ಇಟ್ಟು ನೋಡಿದರಂತೆ. ಒಂದರಲ್ಲಿ ದಿನಾ ನಡಿಗೆ, ಇನ್ನೊಂದರಲ್ಲಿ ಹದಿನೈದು ದಿನದಿಂದ ಏನೂ ಇಲ್ಲ. ನಡೆಯದೆ ಇರುವವಳೇ ಸುಳ್ಳು ಅಂತ ತೀರ್ಮಾನ ಮಾಡಿ ನನ್ನ ಮೇಲೇ ಒತ್ತಿದ್ದಾರೆ. ನಕಲಿ ಹೋಯ್ತು ಅಂತ ನಾನೇ ಒಪ್ಪಿದ ಮೇಲೆ ಇನ್ನು ಉಳಿದವಳು ನಿಜವಾದ ಟೀಚರೇ ಸರಿ, ಆಪಾಗೂ ಅನುಮಾನಕ್ಕೆ ಜಾಗವೇ ಇಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಆಪಾ ಫೋನು. "ಟೀಚರ್, ಮಂಡಿ ವಾಸಿಯಾಯ್ತಾ? ಮೇಲಿನ ದಾರೀಲಿ ಆನೆ ಇದೆ, ಹಳೇ ಪಲ್ಪರ್ ಮನೆ ಕಡೆಯಿಂದ ಬಾ, ನಾನೂ ಅಲ್ಲಿರ್ತೀನಿ ಅಂತ ಆಪಿನಲ್ಲಿ ಹುಡುಗಿಗೆ ಬರೆದಿದ್ದೀರಿ. ಅವಳು ಸರಿ ಮಿಸ್, ಹೊರಟೆ ಅಂದಿದ್ದಾಳೆ."

ನಾನು ಏನೂ ಬರೆದಿರಲಿಲ್ಲ. ಹಣ್ಣು ಕಾಫಿಯ ಸಿಪ್ಪೆ ತೆಗೆಯುತ್ತಿದ್ದ ಆ ಪಲ್ಪರ್ ಮನೆ ಪಾಳುಬಿದ್ದು ಎಷ್ಟೋ ಕಾಲವಾಗಿದೆ. ಅಲ್ಲಿ ಕೂಗಿದರೆ ಕೇಳುವವರಿಲ್ಲ. ಹುಡುಗಿಗೆ ಫೋನು ಮಾಡಿದರೆ ನೆಟ್‌ವರ್ಕ್ ಸಿಗಲಿಲ್ಲ. ಆಪಾಗೆ ವಿಷಯ ಹೇಳಿದೆ. ಅವರ ಯಜಮಾನರು ಬನಿಯನ್ನಿನಲ್ಲೇ ಜೀಪು ತೆಗೆದರು. ದಾರಿಯುದ್ದಕ್ಕೂ ನಾನು ಬೇಡಿಕೊಂಡಿದ್ದು ಒಂದೇ. ಅಲ್ಲಿ ನಿಜವಾಗಿ ಆನೆಯೇ ನಿಂತಿರಲಿ, ಅದನ್ನು ನೋಡಿ ಅವಳು ವಾಪಸ್ ಓಡಿ ಬರಲಿ.

ಮಂಜು ದಟ್ಟವಾಗಿತ್ತು. ಜೀಪಿನ ಬೆಳಕಿಗೆ ಮೊದಲು ಕಂಡಿದ್ದು ಅವಳ ಹಳದಿ ಶೂ. ಪಲ್ಪರ್ ಮನೆಯ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಬಿಳುಚಿಕೊಂಡಿತು.

"ಮಿಸ್, ನೀವು ಈ ಕಡೆಯಿಂದ ಹೇಗೆ ಬಂದ್ರಿ? ಒಳಗಿಂದ ಟಾರ್ಚ್ ಬಿಟ್ಟು ಕರೆದಿದ್ದು ನೀವಲ್ವಾ?"

ಮನೆಯ ಹಿಂದೆ ಬೈಕೊಂದು ಸ್ಟಾರ್ಟ್ ಆಯಿತು. ಆಪಾ ಯಜಮಾನರು ಸುತ್ತು ಹಾಕಿ ಓಡುವಷ್ಟರಲ್ಲಿ ಸದ್ದು ಇಳಿಜಾರಿನ ಕೆಳಗೆ ಹೋಗಿತ್ತು. ಅವಳನ್ನು ಅಪ್ಪಿ ಹಿಡಿದೆ.

ದೂರು ಕೊಟ್ಟೆವು. ಎಲ್ಲರೂ ತಂತಮ್ಮ ದಾರಿ ಮುಚ್ಚಿಕೊಂಡು, ಈ ಸಲ ಸರಿಯಾದ ಖಾತೆಯನ್ನೇ ರಿಪೋರ್ಟ್ ಮಾಡಿದರು. ನಿಯಮ ಮೀರಿದ್ದು ಕಂಡುಬಂದಿಲ್ಲ ಅಂತ ಉತ್ತರ ಬಂತು. ನನ್ನ ಮುಖ ಇನ್ನೂ ಅಲ್ಲೇ ನಗುತ್ತಿದೆ. ಬೈಕಿನವನು ಯಾರು, ಬಸ್‌ಸ್ಟ್ಯಾಂಡಿನಲ್ಲಿ ದಿನಾ ನನಗೆ ನಮಸ್ಕಾರ ಹೇಳುವವರಲ್ಲೇ ಒಬ್ಬನಾ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾರು ನಮಸ್ಕಾರ ಅಂದರೂ ಈಗ ಮೊದಲು ಅವರ ಹಿಂದೆ ಬೈಕಿದೆಯಾ ಅಂತ ನೋಡುತ್ತೇನೆ.

ಹುಡುಗಿ ಓಡುವುದನ್ನು ಬಿಟ್ಟಿಲ್ಲ. ಬಿಡು ಅನ್ನಲು ನನಗೂ ಬಾಯಿ ಬರಲಿಲ್ಲ. ಈಗ ಬೆಳಿಗ್ಗೆ ನಮ್ಮ ಮನೆಗೆ ಬಂದು, ನನ್ನ ಜೊತೆ ಶಾಲೆಯ ಮೈದಾನಕ್ಕೆ ಬರುತ್ತಾಳೆ. ಅವಳು ಸುತ್ತು ಹೊಡೆಯುತ್ತಾಳೆ, ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತೇನೆ.

ನಿನ್ನೆ ಮಂಜು ಜಾಸ್ತಿ ಇತ್ತು. ಗೇಟಿನ ಹತ್ತಿರ ಅವಳ ಹೆಜ್ಜೆ ಸದ್ದು ಕೇಳಿ ಜಗಲಿಯಿಂದಲೇ ಕೂಗಿದೆ, "ನಾನೇ ಕಣೇ, ಒಳಗೆ ಬಾ." ಐದು ವರ್ಷ ಅವಳ ಹಾಜರಿ ಕರೆದ ದನಿ ಇದು. ಅವಳು ಬರಲಿಲ್ಲ. ಕುಂಟುತ್ತಾ ಇಳಿದು ಗೇಟಿನವರೆಗೂ ಹೋದೆ. ನನ್ನ ಮುಖ ನೋಡಿದ ಮೇಲೂ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದಳು. ಆಮೇಲೆ ಕೈ ಚಾಚಿ ನನ್ನ ಕೈ ಮುಟ್ಟಿ ನೋಡಿ, ಒಳಗೆ ಬಂದಳು.